ಮನೆಯಲ್ಲಿ ಗೆದ್ದಲು, ಜಿರಳೆ, ತಿಗಣೆ, ಇಲಿ ಕಾಟ: ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ನಗರ ಮತ್ತು ಸುತ್ತಮುತ್ತಲಿನ ತಾಲ್ಲೂಕುಗಳಲ್ಲಿ ಮನೆ ತಪಾಸಣೆಗೆ ಹೋದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಫೋನಿನಲ್ಲಿ ಅವಸರವಾಗಿ ಹೇಳಿದರೆ ಅರ್ಧ ಮಾತ್ರ ತಲುಪುತ್ತದೆ. ನಿಧಾನವಾಗಿ ಓದಿ, ನಿಮ್ಮ ಮನೆಗೆ ಯಾವುದು ಹೊಂದುತ್ತದೋ ನೋಡಿಕೊಳ್ಳಿ.

ನೇರವಾಗಿ ಬಂದು ಔಷಧಿ ಹೊಡೆದು ಹೋಗಬಾರದಾ? ಮೊದಲು ತಪಾಸಣೆ ಅಂತ ಯಾಕೆ?

ಹುಳ ಎಲ್ಲಿ ಮನೆ ಮಾಡಿದೆ, ಯಾಕೆ ಬಂದಿದೆ ಅಂತ ಗೊತ್ತಿಲ್ಲದೆ ಹೊಡೆದ ಔಷಧಿ ದಂಡ. ಒಂದು ಉದಾಹರಣೆ ನೋಡಿ. "ಜಿರಳೆ ಜಾಸ್ತಿ ಆಗಿದೆ" ಅಂತ ಇಬ್ಬರು ಫೋನ್ ಮಾಡುತ್ತಾರೆ. ಒಬ್ಬರ ಮನೆಯಲ್ಲಿ ಇರುವುದು ಬೆರಳಿನ ಉಗುರಿನಷ್ಟು ಉದ್ದದ, ತಿಳಿ ಕಂದು ಬಣ್ಣದ ಜಿರಳೆ. ಅದು ಫ್ರಿಜ್ಜಿನ ಮೋಟಾರ್ ಹತ್ತಿರ, ಮಿಕ್ಸಿ ಅಡಿಯಲ್ಲಿ, ಕಬೋರ್ಡಿನ ಕೀಲಿನ ಸಂದಿಯಲ್ಲಿ ಸಂಸಾರ ಮಾಡುತ್ತದೆ. ಇನ್ನೊಬ್ಬರ ಮನೆಗೆ ಬರುವುದು ದೊಡ್ಡ ಕೆಂಪು ಜಿರಳೆ. ಅದರ ಮನೆ ಒಳಗಿಲ್ಲ, ಹೊರಗಿನ ಚರಂಡಿ ಚೇಂಬರ್‌ನಲ್ಲಿದೆ. ರಾತ್ರಿ ಬಚ್ಚಲಿನ ಜಾಲರಿಯಿಂದ ಮೇಲೆ ಬರುತ್ತದೆ. ಮೊದಲನೆಯವರಿಗೆ ಅಡುಗೆ ಮನೆಯಲ್ಲಿ ಜೆಲ್ (ಜಿರಳೆ ತಿಂದು ಸಾಯುವ ಔಷಧಿ) ಬೇಕು. ಎರಡನೆಯವರಿಗೆ ಚೇಂಬರ್‌ನಲ್ಲಿ ಕೆಲಸ, ಜೊತೆಗೆ ಜಾಲರಿ ಸರಿಮಾಡಿಸಬೇಕು. ಇಬ್ಬರ ಮನೆಗೂ ಒಂದೇ ಪಂಪ್ ಹಿಡಿದುಕೊಂಡು ಗೋಡೆ ಬುಡಕ್ಕೆಲ್ಲ ಹೊಡೆದು ಬಂದರೆ ಇಬ್ಬರ ದುಡ್ಡೂ ಹೋಯಿತು.

ತಪಾಸಣೆಗೆ ಬಂದವರು ಏನೇನು ನೋಡಬೇಕು?

ಬಾಗಿಲಲ್ಲೇ ನಿಂತು "ಎಷ್ಟು ರೂಮು?" ಅಂತ ಕೇಳಿ ರೇಟ್ ಹೇಳುವುದು ತಪಾಸಣೆ ಅಲ್ಲ. ಕೈಯಲ್ಲಿ ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಆದರೂ ಇರಬೇಕು. ಬಾಗಿಲ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಗೆದ್ದಲು ಒಳಗೆ ತಿಂದಿದ್ದರೆ ಅದೇ ಮರ ಪೊಳ್ಳು ಸದ್ದು ಕೊಡುತ್ತದೆ, ಬಣ್ಣ ಮಾತ್ರ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸಿಂಕ್ ಕೆಳಗೆ ಮಂಡಿಯೂರಿ ನೋಡಬೇಕು. ಪೈಪು ಗೋಡೆಯೊಳಗೆ ಹೋಗುವ ಜಾಗ, ಮೀಟರ್ ಬೋರ್ಡ್, ಮಂಚದ ಕೀಲು, ದೇವರ ಮನೆಯ ಮರದ ಮಂಟಪದ ಹಿಂಭಾಗ, ಸಂಪಿನ ಮುಚ್ಚಳ, ಮಹಡಿ ಮೇಲಿನ ಟ್ಯಾಂಕ್ ಎಲ್ಲವನ್ನೂ ನೋಡಬೇಕು. ಆಮೇಲೆ ಕಾಂಪೌಂಡ್ ಸುತ್ತ ಒಂದು ಸುತ್ತು. ಗೋಡೆಗೆ ಒರಗಿಸಿಟ್ಟ ಸೌದೆ, ಸೆಂಟ್ರಿಂಗ್ ಹಲಗೆ, ತೆಂಗಿನ ಮಟ್ಟೆ ರಾಶಿ ಇದ್ದರೆ ಅದರ ಹಿಂದೆ ನೋಡದೆ ಹೊರಡಬಾರದು.

ತೇವ ಎಲ್ಲಿದೆ ಅಂತ ಹುಡುಕುವುದು ಅರ್ಧ ತಪಾಸಣೆ. ಬಚ್ಚಲ ಗೋಡೆಯ ಆಚೆ ಬದಿಯಲ್ಲಿ ಬಣ್ಣ ಉಬ್ಬಿದ್ದರೆ, ಅಲ್ಲೇ ಹಿಂದೆ ವಾರ್ಡ್‌ರೋಬ್ ಇದ್ದರೆ, ಬಟ್ಟೆ ತೆಗೆದು ಅದರ ಬೆನ್ನು ಹಲಗೆಯನ್ನು ಒತ್ತಿ ನೋಡಿ ಅಂತ ಕೇಳಿ. ಎಲ್ಲ ಮುಗಿದ ಮೇಲೆ ಎಲ್ಲಿ ಏನಿದೆ, ಏನು ಮಾಡುತ್ತೇವೆ, ಯಾವ ಔಷಧಿ ಅಂತ ಬರೆದುಕೊಡಬೇಕು. ಬರೆದುಕೊಡದವರಿಗೆ ಕೆಲಸ ಕೊಡಬೇಡಿ ಅನ್ನುವುದು ನಮ್ಮ ಅಭಿಪ್ರಾಯ.

ಗೋಡೆ ಮೇಲೆ ಮಣ್ಣಿನ ಗೆರೆ ಎದ್ದಿದೆ. ಒರೆಸಿ ಹಾಕಿದರೆ ಸಾಕಾ?

ಸಾಲದು. ಒರೆಸುವ ಮುಂಚೆ ಒಂದು ಕೆಲಸ ಮಾಡಿ. ಗೆರೆಯ ನಡುವೆ ಅರ್ಧ ಇಂಚು ಮಾತ್ರ ಕೆರೆದು ನೋಡಿ. ಒಳಗೆ ಬೆಳ್ಳಗಿನ, ಅಕ್ಕಿನುಚ್ಚಿನಷ್ಟು ಸಣ್ಣ ಹುಳ ಓಡಾಡುತ್ತಿದ್ದರೆ ಗೆದ್ದಲು ಕೆಲಸದಲ್ಲಿದೆ ಅಂತ ಅರ್ಥ. ಖಾಲಿ ಇದ್ದರೆ ಹಾಗೇ ಬಿಟ್ಟು ಎರಡು ದಿನ ಕಾಯಿರಿ. ಕೆರೆದ ಜಾಗವನ್ನು ಹಸಿ ಮಣ್ಣಿನಿಂದ ಮುಚ್ಚಿದ್ದರೆ ಹುಳ ಇನ್ನೂ ಓಡಾಡುತ್ತಿದೆ.

ನಮ್ಮ ಕಡೆ ಮನೆಗಳಿಗೆ ಬರುವ ಗೆದ್ದಲು ನೆಲದೊಳಗೆ ಗೂಡು ಮಾಡುವ ಜಾತಿ. ಗಾಳಿ ಬೆಳಕು ತಾಗಿದರೆ ಅದರ ಮೈ ಒಣಗಿಹೋಗುತ್ತದೆ. ಅದಕ್ಕೇ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಗೋಡೆಯ ಗೆರೆ ಬರೀ ದಾರಿ. ಗೂಡು, ರಾಣಿ ಎಲ್ಲ ಮಣ್ಣಿನಲ್ಲಿ. ದಾರಿ ಅಳಿಸಿದರೆ ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತದೆ. ಸೀಮೆಎಣ್ಣೆ ಸುರಿದರೂ ಅಷ್ಟೆ, ಜೊತೆಗೆ ಬೆಂಕಿಯ ಅಪಾಯ ಬೇರೆ.

ತುಮಕೂರಿನ ಹೊಸ ಬಡಾವಣೆಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಎಷ್ಟೋ ಲೇಔಟ್‌ಗಳು ಮೊದಲು ತೆಂಗಿನ ತೋಟ, ಹೊಲ ಆಗಿದ್ದವು. ಮರ ಕಡಿದು ಬುಡವನ್ನು ಹಾಗೇ ಮಣ್ಣಿನಲ್ಲಿ ಮುಚ್ಚಿ ಸೈಟ್ ಮಾಡಿರುತ್ತಾರೆ. ಆ ಬೊಡ್ಡೆ ಗೆದ್ದಲಿಗೆ ಊಟ. ಅದು ಮುಗಿದ ಮೇಲೆ ಮೇಲಿರುವ ನಿಮ್ಮ ಚೌಕಟ್ಟಿಗೆ ಬರುತ್ತದೆ. ಮನೆ ಕಟ್ಟಿದ ಹೊಸದರಲ್ಲಿ ಏನೂ ಕಾಣದೆ, ಕೆಲವು ವರ್ಷ ಆದ ಮೇಲೆ ಒಮ್ಮೆಲೇ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮೊದಲ ಮಳೆ ಬಂದ ರಾತ್ರಿ ದೀಪಕ್ಕೆ ರೆಕ್ಕೆ ಹುಳ ಮುತ್ತಿದವು. ಭಯ ಪಡಬೇಕಾ?

ಹೊರಗಿನಿಂದ ಬೀದಿ ದೀಪಕ್ಕೆ ಬಂದವಾದರೆ ಬೇಡ. ಅವು ಗೆದ್ದಲಿನ ಗೂಡಿನಿಂದ ಹೊಸ ಸಂಸಾರ ಹೂಡಲು ಹಾರಿ ಬಂದವು. ದೀಪ ಆರಿಸಿ, ಬೆಳಗ್ಗೆ ರೆಕ್ಕೆ ಗುಡಿಸಿ ಹಾಕಿ. ಆದರೆ ಮನೆಯ ಒಳಗೆ, ಟೈಲ್ಸ್ ಸಂದಿಯಿಂದಲೋ ಚೌಕಟ್ಟಿನ ಬುಡದಿಂದಲೋ ಎದ್ದು ಬರುತ್ತಿದ್ದರೆ ಗೂಡು ನಿಮ್ಮ ನೆಲದ ಕೆಳಗೇ ಇದೆ. ಆ ಜಾಗದ ಫೋಟೋ ತೆಗೆದಿಟ್ಟು ತಪಾಸಣೆಗೆ ಕರೆಸಿ. ಎಲ್ಲಿಂದ ಎದ್ದವು ಅನ್ನುವುದು ನಮಗೆ ತುಂಬಾ ಬೆಲೆಯ ಮಾಹಿತಿ.

ಹೊಸ ಮನೆ ಕಟ್ಟುತ್ತಿದ್ದೇವೆ. ಗೆದ್ದಲಿಗೆ ಯಾವಾಗ ಔಷಧಿ ಹಾಕಿಸಬೇಕು?

ಪಾಯ ತೋಡಿದಾಗಲೇ. ಇದಕ್ಕೆ ಭಾರತೀಯ ಮಾನಕ ಐಎಸ್ 6313 ಇದೆ. ಅದರ ಎರಡನೇ ಭಾಗ ಹೊಸ ಕಟ್ಟಡಕ್ಕೆ, ಮೂರನೇ ಭಾಗ ಕಟ್ಟಿ ಮುಗಿದ ಮನೆಗೆ. ಪಾಯದ ಗುಂಡಿಯ ತಳ ಮತ್ತು ಬದಿಗೆ, ಮಣ್ಣು ತುಂಬುವಾಗ, ಆಮೇಲೆ ಕಾಂಕ್ರೀಟ್ ಹಾಕುವ ಮುಂಚೆ ಪ್ಲಿಂತ್ (ನೆಲಗಟ್ಟು) ಒಳಗಿನ ಮಣ್ಣಿನ ಮೇಲೆ, ಹೀಗೆ ಹಂತ ಹಂತವಾಗಿ ಹಾಕಬೇಕು. ಮಣ್ಣಿನ ಮೇಲ್ಮೈಗೆ ಒಂದು ಚದರ ಮೀಟರ್‌ಗೆ 5 ಲೀಟರ್ ದ್ರಾವಣ ಅಂತ ಲೆಕ್ಕ. ಬಳಸುವ ಔಷಧಿ ಇಮಿಡಾಕ್ಲೋಪ್ರಿಡ್ ಆದರೆ ದ್ರಾವಣದಲ್ಲಿ ಅದರ ಪ್ರಮಾಣ ಶೇ 0.075 ಇರಬೇಕು, ಕ್ಲೋರ್‌ಪೈರಿಫಾಸ್ ಆದರೆ ಶೇ 1.

ಮೇಸ್ತ್ರಿ "ನಾನೇ ಒಂದು ಡಬ್ಬಿ ತಂದು ಹೊಡೆಸುತ್ತೇನೆ" ಅಂದರೆ ಒಪ್ಪಬೇಡಿ. ನೂರು ಚದರ ಮೀಟರ್ ನೆಲಕ್ಕೇ 500 ಲೀಟರ್ ದ್ರಾವಣ ಬೇಕು. ಬೆನ್ನಿಗೆ ಕಟ್ಟುವ ಪಂಪಿನಲ್ಲಿ ಒಂದೆರಡು ಸಲ ಹೊಡೆದರೆ ಮಣ್ಣು ಒದ್ದೆ ಕೂಡ ಆಗುವುದಿಲ್ಲ. ನೀವು ನಿಂತು ನೋಡಿ, ಎಷ್ಟು ಡ್ರಮ್ ಖಾಲಿ ಆಯಿತು ಅಂತ ಲೆಕ್ಕ ಇಡಿ. ಔಷಧಿ ಹಾಕಿದ ಮಣ್ಣನ್ನು ಆಮೇಲೆ ಪ್ಲಂಬರ್ ಅಗೆದರೆ ಅಲ್ಲಿ ಮತ್ತೆ ಹಾಕಬೇಕು. ಕಾಂಪೌಂಡಿನಲ್ಲಿ ಬಾವಿ ಅಥವಾ ಬೋರ್‌ವೆಲ್ ಇದ್ದರೆ ಮೊದಲೇ ಹೇಳಿ.

ಹಳೇ ಮನೆಗೆ ತೂತು ಕೊರೆಯಲೇಬೇಕಾ? ಟೈಲ್ಸ್ ಹಾಳಾಗಲ್ವಾ?

ಮಣ್ಣಿಗೆ ಔಷಧಿ ತಲುಪಬೇಕಾದರೆ ಕೊರೆಯಬೇಕು. ಗೋಡೆ ಮತ್ತು ನೆಲ ಸೇರುವ ಜಾಗದಲ್ಲಿ ಸುಮಾರು ಒಂದು ಅಡಿಗೊಂದರಂತೆ, 12 ಮಿಲಿಮೀಟರ್ ಅಗಲದ ತೂತು. ಒಳಗೆ ದ್ರಾವಣ ಇಳಿಸಿ, ಬಿಳಿ ಸಿಮೆಂಟಿನಿಂದ ಮುಚ್ಚಿ, ಟೈಲ್ಸ್ ಬಣ್ಣ ಸೇರಿಸಿದರೆ ಹತ್ತಿರ ಹೋಗಿ ನೋಡಿದಾಗ ಮಾತ್ರ ಕಾಣುತ್ತದೆ. ಕೊರೆಯುವ ಮುಂಚೆ ನೀರಿನ ಪೈಪು, ವೈರಿಂಗ್ ಎಲ್ಲಿ ಹೋಗಿದೆ ಅಂತ ತೋರಿಸಿ.

ಚಿಕ್ಕಪೇಟೆ ಕಡೆಯ ಹಳೇ ಮನೆಗಳಲ್ಲಿ, ಹಳ್ಳಿಯ ನಾಡಹೆಂಚಿನ ಮನೆಗಳಲ್ಲಿ ನೆಲ ಒಂದನ್ನೇ ನೋಡಿದರೆ ಆಗದು. ಮಣ್ಣಿನ ಗೋಡೆಯೊಳಗೇ ಗೆದ್ದಲು ಏರಿ ತೊಲೆ, ಜಂತೆ ತಲುಪಿರುತ್ತದೆ. ಏಣಿ ಹಾಕಿ ತೊಲೆ ಗೋಡೆಗೆ ಕೂರುವ ಜಾಗ ನೋಡಲೇಬೇಕು. ತೊಲೆಯ ತುದಿ ಪೊಳ್ಳಾಗಿದ್ದರೆ ಔಷಧಿಗಿಂತ ಮೊದಲು ಬಡಗಿಯನ್ನು ಕರೆಸಿ. ಅದು ತಲೆ ಮೇಲೆ ಬೀಳುವ ವಿಷಯ.

ಮಂಚದ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಇದೂ ಗೆದ್ದಲಾ?

ಅಲ್ಲ. ಗೆದ್ದಲು ಇದ್ದಲ್ಲಿ ಮಣ್ಣು ಕಾಣುತ್ತದೆ. ಬರೀ ಒಣ ಪುಡಿ, ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಇದ್ದರೆ ಅದು ಮರ ಕೊರೆಯುವ ಹುಳ. ನೆಲಕ್ಕೆ ಔಷಧಿ ಹಾಕಿ ಪ್ರಯೋಜನ ಇಲ್ಲ. ಆ ಮರದ ತೂತುಗಳಿಗೇ ಸಿರಿಂಜ್‌ನಲ್ಲಿ ಔಷಧಿ ಬಿಟ್ಟು ಮೇಣದಿಂದ ಮುಚ್ಚುತ್ತಾರೆ. ಕಡಿಮೆ ಬೆಲೆಯ ಪೀಠೋಪಕರಣ ಆಗಿ, ತೂತು ಎಲ್ಲ ಕಡೆ ಹರಡಿದ್ದರೆ ಅದನ್ನು ಹೊರಗೆ ಹಾಕುವುದೇ ಲೇಸು.

ಜಿರಳೆಗೆ ಜೆಲ್ ಒಳ್ಳೆಯದಾ, ಸ್ಪ್ರೇ ಒಳ್ಳೆಯದಾ?

ಅಡುಗೆ ಮನೆಗೆ ಜೆಲ್. ಸಾಸಿವೆ ಕಾಳಿನಷ್ಟು ಚುಕ್ಕೆಗಳನ್ನು ಸಂದಿಗಳಲ್ಲಿ ಇಡುತ್ತಾರೆ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ಬೇರೆ ಜಿರಳೆಗಳು ತಿಂದು ಅವೂ ಸಾಯುತ್ತವೆ. ಪಾತ್ರೆ ಪಗಡೆ ಎಲ್ಲ ಹೊರಗಿಡುವ ಗೋಳೂ ಇಲ್ಲ.

ಜೆಲ್ ಇಟ್ಟ ಮೇಲೆ ಅಂಗಡಿಯ ಸ್ಪ್ರೇ ಹೊಡೆಯಬೇಡಿ. ಸ್ಪ್ರೇ ವಾಸನೆಗೆ ಜಿರಳೆ ಜೆಲ್ ಹತ್ತಿರ ಬರುವುದಿಲ್ಲ. ಸೀಮೆಸುಣ್ಣದಂಥ ಕಡ್ಡಿಯಿಂದ ಗೆರೆ ಎಳೆದರೂ ಇದೇ ಕಥೆ. ಇನ್ನೊಂದು ಮಾತು: ಸಣ್ಣ ಜಾತಿಯ ಜಿರಳೆಯ ಒಂದು ಮೊಟ್ಟೆ ಚೀಲದಲ್ಲಿ 30ರಿಂದ 40 ಮರಿ ಇರುತ್ತವೆ. ಅವು ಮರಿಯಾಗಿ ಹೊರಬಂದ ಮೇಲೆ ತಿನ್ನಲು ಜೆಲ್ ಉಳಿದಿರಬೇಕು. ಆದ್ದರಿಂದ ಎರಡು ಮೂರು ವಾರದ ನಂತರ ಬಂದು ನೋಡದಿದ್ದರೆ ಕೆಲಸ ಪೂರ್ತಿ ಆಗಿಲ್ಲ. ರಾತ್ರಿ ಸಿಂಕ್ ಒಣಗಿಸಿ ಮಲಗಿ. ಊಟ ಇಲ್ಲದೆ ಜಿರಳೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಅಷ್ಟು ದಿನ ಬದುಕದು.

ಮಗ ಹಾಸ್ಟೆಲ್‌ನಿಂದ ಬಂದ ಮೇಲೆ ಮನೆಯಲ್ಲಿ ತಿಗಣೆ ಆಗಿದೆ. ನಾವು ಸ್ವಚ್ಛವಾಗಿಯೇ ಇರುತ್ತೇವಲ್ಲ?

ತಿಗಣೆಗೆ ಸ್ವಚ್ಛ, ಕೊಳಕು ಅಂತ ಭೇದ ಇಲ್ಲ. ಅದಕ್ಕೆ ಬೇಕಾದದ್ದು ಮನುಷ್ಯನ ರಕ್ತ ಮಾತ್ರ. ದಯವಿಟ್ಟು ನಾಚಿಕೆ ಪಟ್ಟುಕೊಂಡು ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟು ದಿನ ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ತುಮಕೂರು ಓದುವ ಮಕ್ಕಳ ಊರು. ಹಾಸ್ಟೆಲ್, ಪಿಜಿ, ಬಾಡಿಗೆ ರೂಮು ಎಲ್ಲ ಕಡೆ ಬ್ಯಾಗು, ಹಾಸಿಗೆ ಓಡಾಡುತ್ತವೆ. ತಿಗಣೆ ಆ ಬ್ಯಾಗಿನ ಹೊಲಿಗೆಯಲ್ಲಿ ಕೂತು ಪ್ರಯಾಣ ಮಾಡುತ್ತದೆ. ಸಮಾಧಾನದ ವಿಷಯ ಅಂದರೆ ತಿಗಣೆ ಕಚ್ಚಿ ರೋಗ ಹರಡಿದ್ದು ಕಂಡುಬಂದಿಲ್ಲ. ತುರಿಕೆ, ನಿದ್ದೆ ಕೆಡುವುದು ಮಾತ್ರ ಖಂಡಿತ.

ಹುಡುಕುವುದು ಹೀಗೆ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಎರಡೂ ಹೆಬ್ಬೆರಳಿನಿಂದ ಬಿಡಿಸಿ, ಟಾರ್ಚ್ ಓರೆಯಾಗಿ ಹಿಡಿಯಿರಿ. ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ಅದು ಹಿಕ್ಕೆ. ಪಕ್ಕದಲ್ಲೇ ಒಣಗಿದ ಪೊರೆ, ಬಿಳಿ ಮೊಟ್ಟೆ ಇರುತ್ತವೆ. ಆಮೇಲೆ ಮಂಚದ ಸ್ಕ್ರೂ ತೂತು, ತಲೆದಿಂಬಿನ ಕಡೆಯ ಹಲಗೆ, ಸ್ವಿಚ್ ಬೋರ್ಡ್, ಗೋಡೆಯ ಕ್ಯಾಲೆಂಡರ್ ಹಿಂದೆ ನೋಡಿ.

ಒಂದು ಸಲ ಹೊಡೆದರೆ ಹೋಗುವುದಿಲ್ಲ. ಮೊಟ್ಟೆಯ ಮೇಲೆ ಔಷಧಿ ಅಷ್ಟಾಗಿ ಕೆಲಸ ಮಾಡದು. ಮೊಟ್ಟೆ ಒಡೆಯಲು 6ರಿಂದ 10 ದಿನ ಬೇಕು. ಹಾಗಾಗಿ ಎರಡು ವಾರದೊಳಗೆ ಎರಡನೇ ಸಲ ಮಾಡಲೇಬೇಕು, ಕೆಲವೊಮ್ಮೆ ಮೂರನೇ ಸಲವೂ ಬೇಕಾಗುತ್ತದೆ. ಬೆಡ್‌ಶೀಟ್, ದಿಂಬಿನ ಕವರ್ ಎಲ್ಲ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹಾಸಿಗೆಯನ್ನು ಸುಮ್ನೆ ಬಿಸಿಲಿಗೆ ಹಾಕಿದರೆ ಅವು ನೆರಳಿನ ಬದಿಗೆ ಸರಿದು ಬದುಕಿಕೊಳ್ಳುತ್ತವೆ. ತಿಗಣೆ ಇರುವ ಮಂಚ, ಸೋಫಾವನ್ನು ರಸ್ತೆ ಬದಿ ಇಡಬೇಡಿ. ಬೇರೆ ಯಾರೋ ಬಡವರು ಎತ್ತಿಕೊಂಡು ಹೋಗುತ್ತಾರೆ. ಖಾಲಿ ಮನೆ ಬೀಗ ಹಾಕಿದರೆ ಸಾಯುತ್ತವೆ ಅನ್ನುವುದನ್ನೂ ನಂಬಬೇಡಿ, ರಕ್ತ ಇಲ್ಲದೆ ತಿಂಗಳುಗಟ್ಟಲೆ ಇರಬಲ್ಲವು.

ಅಟ್ಟದ ಮೇಲೆ ಕೊಬ್ಬರಿ ಇದೆ. ಇಲಿಗೆ ಪಾಷಾಣ ಇಡಬಹುದಾ?

ಬೇಡ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಇಟ್ಟಿರುತ್ತಾರೆ. ತಿನ್ನುವ ಪದಾರ್ಥದ ನಡುವೆ ವಿಷ ಇಟ್ಟರೆ ಇಲಿ ಅದನ್ನು ಎಳೆದು ಎಲ್ಲೆಂದರಲ್ಲಿ ಹಾಕುತ್ತದೆ. ಸತ್ತ ಇಲಿ ಕಾಯಿ ರಾಶಿಯ ಅಡಿಯಲ್ಲಿ ಕೊಳೆಯುತ್ತದೆ. ಅಟ್ಟಕ್ಕೆ ಬೋನೇ ಸರಿ. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ. ಎರಡು ಮೂರು ದಿನ ಬೋನು ಹೂಡದೆ ತಿಂಡಿ ಮಾತ್ರ ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಹೂಡಿ.

ಅದಕ್ಕಿಂತ ಮುಖ್ಯ ದಾರಿ ಮುಚ್ಚುವುದು. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಸುಂಡಿಲಿ ನುಗ್ಗುತ್ತದೆ. ಪೈಪು ಸುತ್ತಲಿನ ಸಂದಿಗೆ ಸ್ಟೀಲ್ ಉಣ್ಣೆ ತುರುಕಿ ಸಿಮೆಂಟ್ ಮಾಡಿ. ಬಟ್ಟೆ, ಥರ್ಮಾಕೋಲ್ ತುರುಕಿದರೆ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಮಾಡಿಗೆ ತಾಗುವ ಮರದ ಕೊಂಬೆ ಕಡಿಸಿ. ಹೆಗ್ಗಣ ನೆಲ ತೋಡಿ ಬರುವುದರಿಂದ ಅದಕ್ಕೆ ಚರಂಡಿ, ಕಾಂಪೌಂಡಿನ ಬಿಲ ನೋಡಬೇಕು.

ಎರಡು ವಿಷದ ಬಗ್ಗೆ ಕಟುವಾಗಿಯೇ ಹೇಳುತ್ತೇವೆ. ಹಳದಿ ರಂಜಕ ಇರುವ ಇಲಿ ಪೇಸ್ಟನ್ನು ಮನೆಗೆ ತರಲೇಬೇಡಿ. ಅದು ಮನುಷ್ಯನ ಲಿವರ್ ಕೆಡಿಸುತ್ತದೆ, ಅದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ಯಾರಾದರೂ ಇಡುತ್ತೇವೆ ಅಂದರೆ ಅವರನ್ನು ಹೊರಗೆ ಕಳಿಸಿ. ತೇವ ತಾಗಿದರೆ ಅದರಿಂದ ಬರುವ ಗಾಳಿ ಮಲಗಿದ್ದವರ ಜೀವ ತೆಗೆಯುತ್ತದೆ.

ಸೊಳ್ಳೆಗೆ ಹೊಗೆ ಬಿಡಿಸಿದರೆ ಸಾಕಾ?

ಹೊಗೆಗೆ ಹಾರಾಡುವ ಸೊಳ್ಳೆ ಮಾತ್ರ ಸಾಯುತ್ತದೆ. ಮರಿ ನಿಮ್ಮ ಡ್ರಮ್ಮಿನಲ್ಲೇ ಇರುತ್ತದೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರನ್ನು ನಾವೆಲ್ಲ ಸಂಪು, ಡ್ರಮ್ಮುಗಳಲ್ಲಿ ತುಂಬಿಟ್ಟುಕೊಳ್ಳುತ್ತೇವೆ, ಅಲ್ವಾ? ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿ ನೀರೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಒಳಗೋಡೆ ಉಜ್ಜಿ ತೊಳೆಯಿರಿ, ಮೊಟ್ಟೆ ಗೋಡೆಗೆ ಅಂಟಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ಹಲ್ಲಿ, ಜೇನು, ಹಾವು?

ಹಲ್ಲಿಗೆ ಔಷಧಿ ಇಲ್ಲ. ಹುಳ ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ. ಜೇನನ್ನು ಸುಡಬೇಡಿ, ಬಿಡಿಸಿ ಸಾಗಿಸುವವರನ್ನು ಕರೆಸಿ. ಹಾವು ಕಂಡರೆ ದೂರ ನಿಂತು ಅರಣ್ಯ ಇಲಾಖೆಗೋ ಉರಗ ರಕ್ಷಕರಿಗೋ ಫೋನ್ ಮಾಡಿ. ಬಹಳ ಸಲ ಹಾವು ಇಲಿಯ ಹಿಂದೆಯೇ ಬಂದಿರುತ್ತದೆ.

ಮನೆಯಲ್ಲಿ ಪುಟ್ಟ ಮಗು, ಬಸುರಿ, ಸಾಕುಪ್ರಾಣಿ ಇದ್ದಾರೆ. ತೊಂದರೆ ಆಗಲ್ವಾ?

ಮೊದಲೇ ಹೇಳಿದರೆ ಅದಕ್ಕೆ ತಕ್ಕಂತೆ ಮಾಡಬಹುದು. ಸಾಧ್ಯವಾದಲ್ಲಿ ಜೆಲ್, ಬೋನು, ದಾರಿ ಮುಚ್ಚುವುದು. ಸ್ಪ್ರೇ ಬೇಕೇ ಬೇಕಾದರೆ ಮಕ್ಕಳು, ಬಸುರಿ, ಬಾಣಂತಿ, ಉಬ್ಬಸ ಇರುವವರು ಆ ದಿನ ನೆಂಟರ ಮನೆಯಲ್ಲಿ ಇರಲಿ. ಉಳಿದವರೂ ಔಷಧಿ ಒಣಗಿ, ಕಿಟಕಿ ತೆಗೆದು ಗಾಳಿ ಆಡಿದ ಮೇಲೆಯೇ ಒಳಗೆ ಬನ್ನಿ. ಮೀನಿನ ತೊಟ್ಟಿ ಇದ್ದರೆ ಹೊರಗಿಡಿ. ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಔಷಧಿಗಳು ಮೀನಿಗೆ ತೀರಾ ವಿಷ, ಬೆಕ್ಕಿಗೂ ಆಗದು. ಹಸುವಿನ ಕೊಟ್ಟಿಗೆಯ ಮೇವು, ನೀರಿನ ತೊಟ್ಟಿ ಮುಚ್ಚಿ.

ಕುಣಿಗಲ್, ಶಿರಾ ಕಡೆ ರೇಷ್ಮೆ ಸಾಕುವವರು ಇನ್ನೂ ಎಚ್ಚರ ಇರಬೇಕು. ರೇಷ್ಮೆ ಹುಳವೂ ಹುಳವೇ. ಗಾಳಿಯಲ್ಲಿ ತೇಲಿ ಬಂದ ಒಂಚೂರು ಔಷಧಿ ಸೊಪ್ಪಿನ ಮೇಲೆ ಬಿದ್ದರೂ ಬೆಳೆ ಹೋಗುತ್ತದೆ. ಹುಳ ಗೂಡು ಕಟ್ಟಿ, ಗೂಡು ಮಾರಾಟ ಆಗುವವರೆಗೆ ಮನೆಗೆ ಸ್ಪ್ರೇ ಮಾಡಿಸಬೇಡಿ. ಪಕ್ಕದ ಮನೆಯವರು ಸಾಕುತ್ತಿದ್ದರೆ ಅವರನ್ನೂ ಒಂದು ಮಾತು ಕೇಳಿ.

ಯಾರಾದರೂ ಔಷಧಿ ನುಂಗಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಬರುವವರು ಸರಿಯಾದವರಾ ಅಂತ ಹೇಗೆ ತಿಳಿಯೋದು?

1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಪೆಸ್ಟ್ ಕಂಟ್ರೋಲ್ ಮಾಡುವವರಿಗೆ ಪರವಾನಗಿ ಬೇಕು. ಕೊಡುವುದು ಕೃಷಿ ಇಲಾಖೆಯ ಅಧಿಕಾರಿಗಳು. ನಕಲು ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಔಷಧಿಯನ್ನು ಕಂಪನಿ ಡಬ್ಬಿಯಿಂದಲೇ ನಿಮ್ಮ ಎದುರಿಗೆ ಬೆರೆಸಬೇಕು. ನೀರಿನ ಬಾಟಲಿಯಲ್ಲಿ ತಂದ ಔಷಧಿ ಬೇಡ. ಡಬ್ಬಿ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಲಸದ ಹುಡುಗರು ಕೈಗವಸು, ಮಾಸ್ಕ್ ಹಾಕಿದ್ದಾರಾ ಅಂತಲೂ ಗಮನಿಸಿ. ಅವರ ಆರೋಗ್ಯವೂ ಮುಖ್ಯ.

ಗ್ಯಾರಂಟಿ, ವರ್ಷದ ಕಾಂಟ್ರಾಕ್ಟ್ ತೆಗೆದುಕೊಳ್ಳಬೇಕಾ?

ಗೆದ್ದಲಿಗೆ ಲಿಖಿತ ವಾರಂಟಿ ಬೇಕೇ ಬೇಕು. ಮತ್ತೆ ಬಂದರೆ ದುಡ್ಡಿಲ್ಲದೆ ಬಂದು ಮಾಡುತ್ತಾರಾ, ವರ್ಷಕ್ಕೊಮ್ಮೆ ಬಂದು ನೋಡುತ್ತಾರಾ ಅಂತ ಓದಿ ಸಹಿ ಮಾಡಿ. ಹೋಟೆಲ್, ಪಿಜಿ, ದಿನಸಿ ಅಂಗಡಿಗೆ ವರ್ಷದ ಕಾಂಟ್ರಾಕ್ಟ್ ಸರಿ. ಸಣ್ಣ ಮನೆಗೆ, ತೊಂದರೆಯೇ ಇಲ್ಲದಿದ್ದರೆ, ತಿಂಗಳು ತಿಂಗಳು ಔಷಧಿ ಹೊಡೆಸುವ ಅಗತ್ಯ ಇಲ್ಲ. "ಒಂದೇ ಸಲ ಹೊಡೆದರೆ ಜನ್ಮದಲ್ಲಿ ಬರಲ್ಲ" ಅನ್ನುವವರನ್ನು ನಂಬಬೇಡಿ.

ಔಷಧಿ ಹೊಡೆಸಿದ ಮೇಲೆ ಹುಳ ಇನ್ನೂ ಜಾಸ್ತಿ ಕಾಣುತ್ತಿದೆಯಲ್ಲ?

ಮೊದಲ ಕೆಲವು ದಿನ ಜಿರಳೆ ಹಗಲಲ್ಲೂ ತೂರಾಡಿಕೊಂಡು ಹೊರಗೆ ಬರುತ್ತವೆ. ಅದು ಔಷಧಿ ಕೆಲಸ ಮಾಡುತ್ತಿರುವ ಗುರುತು. ಗುಡಿಸಿ ಹಾಕಿ, ಆದರೆ ಜೆಲ್ ಇಟ್ಟ ಜಾಗ, ಗೋಡೆಯ ಬುಡ ನೀರು ಹಾಕಿ ತೊಳೆಯಬೇಡಿ. ಎರಡು ವಾರ ಕಳೆದರೂ ಚುರುಕಾದ ಮರಿಗಳು ಕಂಡರೆ, ತಿಗಣೆ ಕಚ್ಚುವುದು ನಿಲ್ಲದಿದ್ದರೆ, ಅಥವಾ ಗೆದ್ದಲಿನ ಹಸಿ ಮಣ್ಣು ಹೊಸದಾಗಿ ಎದ್ದರೆ, ಫೋಟೋ ಮತ್ತು ತಾರೀಖು ಸಮೇತ ಬಂದವರಿಗೇ ಫೋನ್ ಮಾಡಿ. ಅದೇ ಔಷಧಿಯನ್ನು ಮತ್ತೆ ಹೊಡೆಯುವ ಮುಂಚೆ, ಇನ್ನೊಮ್ಮೆ ಟಾರ್ಚ್ ಹಿಡಿದು ತಪಾಸಣೆ ಮಾಡಿ ಅಂತ ಕೇಳಿ.